ಜಿಲ್ಲೆ, ತಾಲ್ಲೂಕು, ಶಾಲೆ

ಮೇಷ್ಟ್ರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಅವರ ಎರಡೂ ಕೈಯಲ್ಲಿ ಬಟ್ಟೆಯ ಚೀಲಗಳಿದ್ದವು. ಮಾರ್ಕೆಟ್ಟಿನಿಂದ ತರಕಾರಿ ತಂದಿದ್ದಾರೆ ಅಂದುಕೊಂಡೆ. ಅವರು ಎರಡನ್ನೂ ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಇನ್‌ಲ್ಯಾಂಡ್ ಪತ್ರಗಳು, ಪೋಸ್ಟ್ ಕಾರ್ಡುಗಳು, ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು. ನನ್ನ ಕೀಬೋರ್ಡು ಮುಚ್ಚಿಹೋಯಿತು.

"ಇವರೆಲ್ಲ ಅವರವರ ಮನೆಗೆ ಹೋಗಬೇಕು ಕಣಮ್ಮ. ಒಂದು ದಾರಿ ಮಾಡ್ಕೊಡು," ಅಂದರು.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಮೈಸೂರಿನ ನಜರ್‌ಬಾದಿನಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಹೋಟೆಲುಗಳಿಗೆ, ಸೀರೆ ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಡುತ್ತಿದ್ದೆವು. ಡೇಟಾಬೇಸ್ ಬೇಕಾದ ಕೆಲಸ ಬಂದರೆ ಅದು ನನ್ನ ಪಾಲಿಗೆ. ಮೇಷ್ಟ್ರು ನಿವೃತ್ತ ಹೆಡ್‌ಮಾಸ್ಟರು, ಆಫೀಸಿನ ಯಜಮಾನರಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಹಾಗಾಗಿ ಅವರು ಏನು ಕೇಳಿದರೂ ಯಜಮಾನರು ಕುರ್ಚಿಯಿಂದ ಎದ್ದು ನಿಂತು "ಆಯ್ತು ಸಾರ್" ಅನ್ನುತ್ತಿದ್ದರು. ಆವತ್ತೂ ಹಾಗೇ ಅಂದರು.

ಮೇಷ್ಟ್ರು ಕೇಳಿದ್ದು ಇಷ್ಟೇ. ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದೇ ವಿಷಯ ಕಲಿಸುವ ಇಬ್ಬರು ಶಿಕ್ಷಕರು ಪರಸ್ಪರ ಒಪ್ಪಿ ಅರ್ಜಿ ಹಾಕಿದರೆ, ಇವರ ಜಾಗಕ್ಕೆ ಅವರು, ಅವರ ಜಾಗಕ್ಕೆ ಇವರು ಹೋಗುವ ಅವಕಾಶವಿತ್ತು. ಕಷ್ಟವಿದ್ದದ್ದು ಆ ಇನ್ನೊಬ್ಬರನ್ನು ಹುಡುಕುವುದರಲ್ಲಿ. ಮೈಸೂರಿನ ಟೀಚರ್ ಒಬ್ಬರು ಕೊಪ್ಪಳದ ಕಡೆ ಇರುತ್ತಾರೆ, ಕೊಪ್ಪಳದವರು ಮೈಸೂರಿನ ಪಕ್ಕದಲ್ಲೇ ಇರುತ್ತಾರೆ, ಒಬ್ಬರಿಗೊಬ್ಬರು ಇದ್ದಾರೆಂಬುದೇ ಗೊತ್ತಿರುವುದಿಲ್ಲ. ಮೇಷ್ಟ್ರಿಗೆ ರಾಜ್ಯದ ಎಲ್ಲ ಮೂಲೆಯಿಂದ ಪತ್ರ ಬರುತ್ತಿತ್ತು. ಅವರು ಪತ್ರಗಳನ್ನು ಕುಂಬಾರಕೊಪ್ಪಲಿನ ತಮ್ಮ ಮನೆಯ ಹಜಾರದಲ್ಲಿ ಹರಡಿಕೊಂಡು ಜೋಡಿ ಹುಡುಕುತ್ತಿದ್ದರು. ಈಗ ಹಜಾರ ಸಾಲದೆ ಹೋಗಿತ್ತು.

"ಈಗ ಎಲ್ಲ ಕಡೆ ಇಂಟರ್‌ನೆಟ್ ಸೆಂಟರ್ ಬಂದಿದೆಯಂತಲ್ಲ. ಅವರೇ ಬಂದು ಬರೆದುಬುಡಲಿ. ಜೋಡಿ ಹುಡುಕೋದನ್ನ ನಿನ್ನ ಕಂಪ್ಯೂಟರ್ ಮಾಡಲಿ."

ಕೆಲಸ ಸುಲಭ ಅನ್ನಿಸಿತು. ಪುಟದಲ್ಲಿ ಮೂರು ಪಟ್ಟಿಗಳು, ಬಾಣದ ಗುರುತು ಒತ್ತಿದರೆ ಕೆಳಕ್ಕೆ ಬಿಚ್ಚಿಕೊಳ್ಳುವಂಥವು. ಮೊದಲನೆಯದರಲ್ಲಿ ಜಿಲ್ಲೆ. ಜಿಲ್ಲೆ ಆರಿಸಿದರೆ ಎರಡನೆಯದರಲ್ಲಿ ಆ ಜಿಲ್ಲೆಯ ತಾಲ್ಲೂಕುಗಳು ಮಾತ್ರ. ತಾಲ್ಲೂಕು ಆರಿಸಿದರೆ ಮೂರನೆಯದರಲ್ಲಿ ಅಲ್ಲಿನ ಪ್ರೌಢಶಾಲೆಗಳು ಮಾತ್ರ. ಈಗಿರುವ ಜಾಗಕ್ಕೆ ಇಂಥ ಮೂರು, ಹೋಗಬೇಕಾದ ಜಾಗಕ್ಕೆ ಇನ್ನು ಮೂರು. ಶಾಲೆಗಳ ಪಟ್ಟಿಯನ್ನು ಮೇಷ್ಟ್ರ ಗೆಳೆಯರು ಫ್ಲಾಪಿಗಳಲ್ಲಿ ತುಂಬಿ ಕಳಿಸಿದರು. ಆಗ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುವ ಭರವಸೆ ಇರಲಿಲ್ಲ. ಆದ್ದರಿಂದ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ.

ನಾಲ್ಕೇ ದಿನದಲ್ಲಿ ಮುಗಿಸಿದೆ. ಜಿಲ್ಲೆ ಆರಿಸಿದ ಕೂಡಲೇ ಪುಟ ಸರ್ವರಿಗೆ ಹೋಗಿ, ತಾಲ್ಲೂಕುಗಳನ್ನು ತುಂಬಿಕೊಂಡು ಹೊಸದಾಗಿ ಬರುತ್ತಿತ್ತು. ನನ್ನ ಸರ್ವರು ನನ್ನ ಮೇಜಿನ ಕೆಳಗೇ ಇದ್ದುದರಿಂದ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಹೆಮ್ಮೆಯಿಂದ ಬೀಗುತ್ತಿದ್ದೆ.

"ನಿನ್ನ ಮೇಜಿನ ಮೇಲೆ ಓಡೋದು ಓಟ ಅಲ್ಲಮ್ಮ. ಬಾ, ಹೊರಗೆ ನೋಡೋಣ," ಎಂದು ಮೇಷ್ಟ್ರು ನನ್ನನ್ನು ಬನ್ನಿಮಂಟಪದ ಹತ್ತಿರದ ಒಂದು ಇಂಟರ್‌ನೆಟ್ ಸೆಂಟರಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಟೀಚರನ್ನು ಬರಹೇಳಿದ್ದರು. ಅವರ ಮನೆಯೂ ಕುಂಬಾರಕೊಪ್ಪಲೇ, ಕೆಲಸ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ. ಜೀವವಿಜ್ಞಾನ ಕಲಿಸುತ್ತಿದ್ದರು. ಮಗಳು ಮೂರನೇ ಕ್ಲಾಸು, ಇಲ್ಲೇ ಅಪ್ಪ ಅಜ್ಜಿಯ ಜೊತೆ. ದಸರಾ ರಜೆಗೆಂದು ಬಂದಿದ್ದರು.

ಟೀಚರ್ ಹೆಸರು, ವಿಷಯ, ಸೇರಿದ ದಿನ ಎಲ್ಲ ತುಂಬಿ ಜಿಲ್ಲೆ ಆರಿಸಿದರು. ಫೋನ್ ಲೈನಿನ ಮೇಲೆ ಕುಂಟುತ್ತ ಹೋದ ಪುಟ ಬಹಳ ಹೊತ್ತಿನ ಮೇಲೆ ವಾಪಸು ಬಂತು. ತಾಲ್ಲೂಕುಗಳು ಬಂದಿದ್ದವು, ಅವರ ಹೆಸರು ಅಳಿಸಿಹೋಗಿತ್ತು. ಮತ್ತೆ ತುಂಬಿ ತಾಲ್ಲೂಕು ಆರಿಸಿದರು. ಶಾಲೆಗಳು ಬಂದವು, ಹೆಸರು ಮತ್ತೆ ಮಾಯ.

"ಮೂರು ಸಲ ಹೆಸರು ಬರೆಸಿದಿರಲ್ಲ, ನಾವು ತಪ್ಪು ಮಾಡಿದ ಮಕ್ಕಳಿಗೆ ಇಂಪೊಸಿಷನ್ ಕೊಡೋದು ಹಿಂಗೇ ಕಣ್ರೀ," ಎಂದು ಟೀಚರ್ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಎರಡನೇ ಸಲ ಉಪಾಯ ಬದಲಿಸಿದೆ. ಪ್ರತಿ ಸಲ ಸರ್ವರಿಗೆ ಹೋಗುವ ಗೊಡವೆಯೇ ಬೇಡ; ಎಲ್ಲ ಜಿಲ್ಲೆ, ಎಲ್ಲ ತಾಲ್ಲೂಕು, ಸಾವಿರಾರು ಶಾಲೆ, ಎಲ್ಲವನ್ನೂ ಪುಟದೊಳಗೇ ತುಂಬಿಬಿಟ್ಟೆ. ಒಂದು ಸಲ ಪುಟ ಬಂದರೆ ಸಾಕು, ಆಮೇಲೆ ಎಲ್ಲ ಅಲ್ಲೇ. ಅದನ್ನು ತೋರಿಸಲು ಅದೇ ಸೆಂಟರಿಗೆ ಹೋದೆವು. ಪುಟ ಬರತೊಡಗಿತು. ಮೇಷ್ಟ್ರು ಹೊರಗೆ ಹೋಗಿ ಕಾಫಿ ಕುಡಿದು ಬಂದರು. ಇನ್ನೂ ಬರುತ್ತಲೇ ಇತ್ತು. ಕೊನೆಗೆ ಬಂದಾಗ ಅವರೇ ಕೂತು ಮೈಸೂರು ಆರಿಸಿದರು, ಹುಣಸೂರು ಆರಿಸಿದರು, ಹುಣಸೂರಿನ ಶಾಲೆಗಳು ಥಟ್ಟನೆ ಬಂದವು. ಆಮೇಲೆ ತಮಾಷೆಗೆಂದು ಜಿಲ್ಲೆಯನ್ನು ಬೀದರ್‌ಗೆ ಬದಲಿಸಿದರು. ತಾಲ್ಲೂಕುಗಳು ಬದಲಾದವು. ಮೂರನೇ ಪಟ್ಟಿ ಮಾತ್ರ ಹಾಗೇ ಇತ್ತು.

"ಹುಣಸೂರಿನ ಶಾಲೆಗಳನ್ನೆಲ್ಲ ಒಂದೇ ಏಟಿಗೆ ಬೀದರ್‌ಗೆ ಸಾಗಿಸಿಬುಟ್ಟೆಯಲ್ಲಮ್ಮ! ಸರ್ಕಾರಕ್ಕೂ ಇಷ್ಟು ಧೈರ್ಯ ಇಲ್ಲ," ಅಂದರು.

ಸೆಂಟರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೊದಲನೇ ಪಟ್ಟಿ ಬದಲಾದರೆ ಎರಡನೆಯದನ್ನು ತುಂಬಬೇಕು ಎಂಬುದು ನೆನಪಿತ್ತು, ಮೂರನೆಯದನ್ನು ಖಾಲಿ ಮಾಡಬೇಕು ಎಂಬುದನ್ನು ಮರೆತಿದ್ದೆ.

ಮೂರನೇ ದಾರಿ ಸಿಕ್ಕಿದ್ದು ಸಿಟಿ ಬಸ್ಸಿನಲ್ಲಿ ನಿಂತಿದ್ದಾಗ. ಜಿಲ್ಲೆಗಳು ಆಗ ಇಪ್ಪತ್ತೇಳು. ತಾಲ್ಲೂಕುಗಳು ನೂರೆಪ್ಪತ್ತು ಚಿಲ್ಲರೆ. ಇವೆರಡೂ ಸೇರಿ ಏನೂ ಭಾರವಲ್ಲ. ಭಾರವೆಲ್ಲ ಶಾಲೆಗಳದು. ಅಂದರೆ ಜಿಲ್ಲೆ ತಾಲ್ಲೂಕು ಪುಟದ ಜೊತೆಯಲ್ಲೇ ಬರಲಿ, ಶಾಲೆಗಳು ಮಾತ್ರ ಕೇಳಿದಾಗ ಬರಲಿ, ಅದೂ ಕೇಳಿದ ಒಂದು ತಾಲ್ಲೂಕಿನವು ಮಾತ್ರ. ಪುಟ ಅಲುಗಾಡದೆ ಶಾಲೆಗಳನ್ನು ತರಿಸುವುದು ಹೇಗೆ? ಪುಟದ ಮೂಲೆಯಲ್ಲಿ ಅಗಲವೂ ಸೊನ್ನೆ, ಎತ್ತರವೂ ಸೊನ್ನೆ ಇರುವ ಒಂದು ಚೌಕಟ್ಟನ್ನು ಇಟ್ಟೆ. ನೋಡುವವರಿಗೆ ಅದು ಕಾಣದು. ತಾಲ್ಲೂಕು ಆರಿಸಿದ ಕೂಡಲೇ ಸರ್ವರಿಗೆ ಹೋಗುವುದು ಆ ಚೌಕಟ್ಟು ಮಾತ್ರ. ಅದು ಮೂವತ್ತೋ ನಲವತ್ತೋ ಹೆಸರು ಹೊತ್ತು ತಂದು ದೊಡ್ಡ ಪುಟದ ಮೂರನೇ ಪಟ್ಟಿಗೆ ಸುರಿಯುತ್ತಿತ್ತು. ಬರುವವರೆಗೆ ಪಟ್ಟಿಯಲ್ಲಿ "ಶಾಲೆಗಳು ಬರುತ್ತಿವೆ, ಸ್ವಲ್ಪ ತಾಳಿ" ಎಂಬ ಸಾಲು ಇಂಗ್ಲಿಷ್ ಅಕ್ಷರದಲ್ಲಿ.

ಅದರಲ್ಲೂ ಒಂದು ಕೀಟಲೆ ಬಂತು. ಅವಸರದವರು ಒಂದು ತಾಲ್ಲೂಕು ಒತ್ತಿ, ತಕ್ಷಣ ಇನ್ನೊಂದು ಒತ್ತಿದರೆ, ಮೊದಲು ಕೇಳಿದ್ದು ನಿಧಾನವಾಗಿ ಬಂದು ಎರಡನೆಯದರ ಮೇಲೆ ಕೂತುಬಿಡುತ್ತಿತ್ತು. ಆಗ ಬರುವ ಪ್ರತಿ ಉತ್ತರದ ಜೊತೆಗೂ ಅದು ಯಾವ ತಾಲ್ಲೂಕಿನದೆಂಬ ಸಂಖ್ಯೆ ಕಳಿಸಿದೆ. ಈಗ ಆರಿಸಿರುವ ತಾಲ್ಲೂಕಿನದಲ್ಲದಿದ್ದರೆ ಪುಟ ಅದನ್ನು ಕಸಕ್ಕೆ ಹಾಕುತ್ತಿತ್ತು. ಬನ್ನಿಮಂಟಪದ ಸೆಂಟರಿನಲ್ಲಿ ಮೇಷ್ಟ್ರು ಬೇಕೆಂದೇ ಟಪಟಪ ಐದಾರು ತಾಲ್ಲೂಕು ಒತ್ತಿ ನೋಡಿದರು. ಕೊನೆಗೆ ನಿಲ್ಲಿಸಿದ್ದು ಯಳಂದೂರಿನಲ್ಲಿ. ಯಳಂದೂರಿನ ಶಾಲೆಗಳೇ ಬಂದವು. ಮೇಷ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟು "ಪಾಸು" ಅಂದರು.

ಪುಟವನ್ನು ಎಲ್ಲರಿಗೂ ತೆರೆದೆವು. ಶಿಕ್ಷಕರ ನಡುವೆ ಸುದ್ದಿ ಹೋಗಿದ್ದೇ ಹೋಗಿದ್ದು, ಪ್ರತಿ ಬೆಳಗ್ಗೆ ಆಫೀಸಿಗೆ ಬಂದರೆ ಹೊಸ ಹೆಸರುಗಳು. ಎರಡನೇ ವಾರದಲ್ಲಿ ಒಂದು ಜೋಡಿ ಕೂಡಿತು. ಅದರಲ್ಲಿ ಒಬ್ಬರು ನಮ್ಮ ಕುಷ್ಟಗಿಯ ಟೀಚರೇ! ಅವರು ಕೇಳಿದ್ದು ಮೈಸೂರು ಜಿಲ್ಲೆಯ ಹೊಸಹಳ್ಳಿಯ ಶಾಲೆ. ಹೊಸಹಳ್ಳಿಯ ಶಾಲೆಯಲ್ಲಿದ್ದ ಒಬ್ಬರು ಕುಷ್ಟಗಿಯ ಆ ಶಾಲೆಯನ್ನೇ ಕೇಳಿದ್ದರು. ನಾನು ಕುಣಿದಾಡಿಬಿಟ್ಟೆ. ಟೀಚರಿಗೆ ಸುದ್ದಿ ಮುಟ್ಟಿಸಿದೆವು.

ಮೂರು ದಿನ ಕಳೆದು ಮೇಷ್ಟ್ರು ಬಂದರು. ಅವತ್ತು ಚೀಲವಿರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ. ಆ ಇನ್ನೊಬ್ಬರಿಗೆ ಅವರು ಫೋನ್ ಮಾಡಿದ್ದರು.

"ಅವರ ಹೊಸಹಳ್ಳಿ ಮೈಸೂರಿಂದಲ್ಲ ಕಣಮ್ಮ. ದಾವಣಗೆರೆ ಕಡೆಯದು. ನಮ್ಮ ರಾಜ್ಯದಲ್ಲಿ ಎಷ್ಟು ಹೊಸಹಳ್ಳಿ ಇವೆ ಅಂತ ಎಣಿಸೋಕಾಗುತ್ತಾ?"

ನಾನು ಕೋಡ್ ತೆರೆದೆ. ಕಣ್ಣಿಗೆ ರಾಚುವ ಹಾಗಿತ್ತು. ಪಟ್ಟಿಯ ಪ್ರತಿ ಸಾಲಿಗೂ ಎರಡು ಭಾಗ. ಕಣ್ಣಿಗೆ ಕಾಣುವ ಹೆಸರು ಒಂದು, ಒಳಗಿನಿಂದ ಸರ್ವರಿಗೆ ಹೋಗುವ ಗುರುತು ಇನ್ನೊಂದು. ಆ ಗುರುತಿನ ಜಾಗದಲ್ಲಿ ನಾನು ಶಾಲೆಯ ಸಂಖ್ಯೆ ಇಡಬೇಕಿತ್ತು. ನನಗೆ ಓದಲು ಅನುಕೂಲ ಎಂದು ಅಲ್ಲೂ ಹೆಸರನ್ನೇ ಇಟ್ಟಿದ್ದೆ. ಜಿಲ್ಲೆ, ತಾಲ್ಲೂಕುಗಳನ್ನು ಪಟ್ಟಿ ಬಿಚ್ಚಲಷ್ಟೇ ಬಳಸಿ, ಉಳಿಸಿಡದೆ ಬಿಟ್ಟಿದ್ದೆ. ಜೋಡಿ ಹುಡುಕುವಾಗ ಹೆಸರಿಗೆ ಹೆಸರು ಕೂಡಿದರೆ ಸಾಕಿತ್ತು. ಡೇಟಾಬೇಸಿಗೆ ಎಲ್ಲ ಹೊಸಹಳ್ಳಿಯೂ ಒಂದೇ.

"ಟೀಚರಿಗೆ ನಾನು ಹೇಳ್ಲಾ?" ಎಂದು ಮೇಷ್ಟ್ರು ಕೇಳಿದರು.

"ಬೇಡ ಸಾರ್. ತಪ್ಪು ನಂದು. ನಾನೇ ಹೇಳ್ತೀನಿ."

ಅವರ ಶಾಲೆಯ ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿಟ್ಟೆ. ಸಂಜೆ ಟೀಚರ್ ತಾವೇ ಮಾಡಿದರು. ನಾನು ಹೇಳಿದೆ.

"ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಂಡುಬಿಟ್ಟಿದಾಳೆ ಕಣ್ರೀ," ಅಂದರು.

ತಪ್ಪಾಯಿತು ಎಂದೆ. ಸುಮ್ಮನಿರಲಾಗದೆ, ಅಷ್ಟೊಂದು ಶಾಲೆಗಳಲ್ಲಿ ಹೊಸಹಳ್ಳಿಯನ್ನೇ ಯಾಕೆ ಕೇಳಿದಿರಿ ಎಂದೂ ಕೇಳಿದೆ.

"ನಾನೆಲ್ಲಿ ಕೇಳಿದೆ? ಮೂರನೇ ಪಟ್ಟಿಲಿ ಏನಾದರೂ ಆರಿಸಲಿಲ್ಲ ಅಂದ್ರೆ ನಿಮ್ಮ ಪುಟ ಮುಂದಕ್ಕೇ ಹೋಗಲ್ಲವಲ್ಲ. ಕಣ್ಣು ಮುಚ್ಕೊಂಡು ಒಂದನ್ನ ಒತ್ತಿದೆ. ನನಗೆ ಯಾವ ಶಾಲೆಯಾದರೇನು ಹೇಳಿ? ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರೋ ಹಾಗಿದ್ರೆ ಸಾಕು."

ಫೋನ್ ಇಟ್ಟು ಪರದೆಯ ಮೇಲೆ ಆ ಮೂರನೇ ಪಟ್ಟಿಯನ್ನು ಬಿಚ್ಚಿದೆ. ಈಗಿರುವ ಶಾಲೆ ಯಾವುದೆಂದು ಎಲ್ಲರಿಗೂ ಗೊತ್ತು. ಹೋಗಬೇಕಾದ ಶಾಲೆ ಯಾವುದೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎರಡು ಕಡೆಗೂ ಒಂದೇ ಥರದ ಪಟ್ಟಿ ಇಟ್ಟು, ನಾನು ಇಲ್ಲದ ಹಟವನ್ನು ಎಲ್ಲರ ಕೈಯಲ್ಲಿ ಮಾಡಿಸಿದ್ದೆ.

ಮಾರನೇ ಬೆಳಗ್ಗೆ ಯಜಮಾನರ ಮುಂದೆ ನಿಂತು, ಪುಟ ಮುಚ್ಚಬೇಕು, ಈವರೆಗೆ ಬಂದ ಹೆಸರನ್ನೆಲ್ಲ ಅಳಿಸಿ ಮೊದಲಿಂದ ತುಂಬಬೇಕು ಎಂದೆ.

"ಏನ್ರೀ ಇದು, ಅಷ್ಟು ಜನ ಬಂದಿದಾರೆ. ಮುಚ್ಚಿದ್ರೆ ಮತ್ತೆ ಬರ್ತಾರಾ? ಒಳಗಿಂದೊಳಗೇ ಸರಿ ಮಾಡಿಬಿಡಿ," ಅಂದರು ಯಜಮಾನರು.

"ಒಳಗಿರೋದು ಬರೀ ಹೆಸರು ಸಾರ್. ಯಾವ ಹೊಸಹಳ್ಳಿ ಅಂತ ನನಗೂ ಗೊತ್ತಾಗಲ್ಲ."

ಮೂಲೆಯ ಕುರ್ಚಿಯಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದರು. "ಮೂವತ್ತೈದು ವರ್ಷ ತಪ್ಪು ಉತ್ತರ ತಿದ್ದೋದೇ ನನ್ನ ಕಸುಬಾಗಿತ್ತು ಕಣೋ. ಈ ಹುಡುಗಿ ತನ್ನ ಪೇಪರ್ ತಾನೇ ತಿದ್ದುತೀನಿ ಅಂತಿದಾಳೆ. ಮುಚ್ಚು ಅಂದ್ರೆ ಮುಚ್ಚು."

ಯಜಮಾನರು ಎದ್ದು ನಿಂತು "ಆಯ್ತು ಸಾರ್" ಅಂದರು.

ಮೊದಲಿಂದ ತುಂಬಿದ ಆ ಹತ್ತು ದಿನಗಳಷ್ಟು ಖುಷಿಯ ಕೆಲಸವನ್ನು ನಾನು ಆಮೇಲೂ ಮಾಡಿದ್ದು ಕಡಿಮೆ. ಮೇಷ್ಟ್ರು ದಿನಾ ಹತ್ತು ಗಂಟೆಗೆ ಚೀಲಗಳೊಂದಿಗೆ ಹಾಜರು. ಪುಟದಲ್ಲಿ ಹೆಸರು ಹಾಕಿದವರಲ್ಲಿ ಬಹುಪಾಲು ಜನ ಮೊದಲು ಅವರಿಗೆ ಪತ್ರ ಬರೆದವರೇ. ಪತ್ರ ತೆಗೆದು, ಪೋಸ್ಟಿನ ಮುದ್ರೆ ಬೆಳಕಿಗೆ ಹಿಡಿದು, ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ ಜಿಲ್ಲೆ, ತಾಲ್ಲೂಕು, ಶಾಲೆ ಕೂಗುತ್ತಿದ್ದರು. ನಾನು ತುಂಬುತ್ತಿದ್ದೆ. ಪತ್ರವಿಲ್ಲದವರಿಗೆ ಫೋನ್. ಒಂದು ಮಧ್ಯಾಹ್ನ ಅವರು "ಶಿವಮೊಗ್ಗ, ಹೊಸದುರ್ಗ" ಎಂದು ಕೂಗಿದರು. ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮೇಷ್ಟ್ರೇ, ಹೊಸದುರ್ಗ ಚಿತ್ರದುರ್ಗದ್ದಲ್ವಾ?" ಎಂದು ಟೈಲರ್ ಕೆಳಗಿನಿಂದ ಕೂಗಿದರು.

ಮೇಷ್ಟ್ರು ಪತ್ರವನ್ನು ಮತ್ತೆ ನೋಡಿದರು. "ಹೌದು ಕಣಪ್ಪ. ಸಾಲು ತಪ್ಪಿ ಓದಿಬುಟ್ಟೆ!" ಯಂತ್ರ ಮತ್ತೆ ಶುರುವಾಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ವಾರದಿಂದ ಕೇಳಿ ಕೇಳಿ ಟೈಲರಿಗೆ ಕರ್ನಾಟಕ ಬಾಯಿಪಾಠವಾಗಿತ್ತು. ಮೇಷ್ಟ್ರ ಬಾಯಿ ತಪ್ಪನ್ನು ಸರ್ವರು ಕೂಡ ಹಿಡಿಯಬೇಕು ಎಂದು ಅವತ್ತೇ ಒಂದು ಕಾವಲು ಬರೆದೆ. ಬಂದ ಶಾಲೆ ಆ ತಾಲ್ಲೂಕಿನದೇ, ಆ ತಾಲ್ಲೂಕು ಆ ಜಿಲ್ಲೆಯದೇ ಎಂದು ಸಂಖ್ಯೆ ಹಿಡಿದು ನೋಡದೆ ಯಾವ ಹೆಸರನ್ನೂ ಅದು ಒಳಗೆ ಬಿಡುತ್ತಿರಲಿಲ್ಲ.

ಇನ್ನೊಂದು ಬದಲಾವಣೆ ನೋಡಲು ಬಹಳ ಚಿಕ್ಕದು. ಹೋಗಬೇಕಾದ ಕಡೆಯ ಮೂರನೇ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದೆ: "ಈ ತಾಲ್ಲೂಕಿನ ಯಾವ ಶಾಲೆಯಾದರೂ ಸರಿ." ಎರಡನೇ ಪಟ್ಟಿಯಲ್ಲೂ ಒಂದು: "ಈ ಜಿಲ್ಲೆಯ ಯಾವ ತಾಲ್ಲೂಕಾದರೂ ಸರಿ." ಅದರ ಒಳಗಿನ ಗುರುತು ಸೊನ್ನೆ. ಸೊನ್ನೆ ಕಂಡರೆ ಆ ಷರತ್ತನ್ನೇ ಬಿಟ್ಟು ಹುಡುಕು ಎಂದು ಜೋಡಿ ಹುಡುಕುವ ಪ್ರಶ್ನೆಯನ್ನು ತಿದ್ದಿ ಬರೆದೆ.

ಅದನ್ನು ತೋರಿಸಿದಾಗ ಮೇಷ್ಟ್ರು ಚೀಲದ ತಳದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು. ಹೋಗಬೇಕಾದ ಶಾಲೆಯ ಹೆಸರಿಲ್ಲ ಎಂದು ಅವರು ಪಕ್ಕಕ್ಕಿಟ್ಟಿದ್ದ ಪತ್ರಗಳು. "ಇವನ್ನೂ ಈಗ ಹಾಕಬಹುದಲ್ಲ?" ಎಂದು ಕೇಳಿದರು. ಅದರಲ್ಲಿ ಒಂದು ಕಾರ್ಡು ನಂಜನಗೂಡು ತಾಲ್ಲೂಕಿನ ಒಬ್ಬ ಶಿಕ್ಷಕರದು. ವಿಷಯ ಜೀವವಿಜ್ಞಾನ. ಊರು ಯಲಬುರ್ಗಾ. "ಕೊಪ್ಪಳ ಜಿಲ್ಲೆಯೊಳಗೆ ಎಲ್ಲಿಯಾದರೂ ಆದೀತು, ತಾಯಿಯವರಿಗೆ ಹತ್ತಿರವಾದರೆ ಸಾಕು" ಎಂದು ಬರೆದಿದ್ದರು.

ಕೊಪ್ಪಳ, ಯಾವ ತಾಲ್ಲೂಕಾದರೂ, ಯಾವ ಶಾಲೆಯಾದರೂ. ಒತ್ತಿದೆ. ಟೀಚರ ಕೋರಿಕೆಯನ್ನು ನಾನು ಎರಡು ದಿನದ ಹಿಂದೆಯೇ ಅವರನ್ನು ಕೇಳಿ ಮೈಸೂರು ಜಿಲ್ಲೆ, ಯಾವ ತಾಲ್ಲೂಕಾದರೂ ಎಂದು ಬದಲಿಸಿದ್ದೆ. ಪರದೆಯ ಮೇಲೆ ಒಂದು ಜೋಡಿ ಮೂಡಿತು.

ಈ ಸಲ ಕುಣಿಯಲಿಲ್ಲ. ಮೇಷ್ಟ್ರು ಆ ಶಿಕ್ಷಕರಿಗೆ ಫೋನ್ ಮಾಡಿದರು. ಜಿಲ್ಲೆ ಕೇಳಿದರು, ತಾಲ್ಲೂಕು ಕೇಳಿದರು, ಶಾಲೆ ಕೇಳಿದರು, ವಿಷಯ ಕೇಳಿದರು, ಎಲ್ಲವನ್ನೂ ಎರಡನೇ ಸಲ ಕೇಳಿದರು. ಆ ಕಡೆಯವರು ರೇಗಿದ್ದಿರಬೇಕು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಈಗ ಕುಣಿ," ಅಂದರು.

ನಂಜನಗೂಡಿಗೆ ಮೈಸೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಟೀಚರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, "ಇದು ಯಾವ ನಂಜನಗೂಡು, ನಮ್ಮದೇ ತಾನೆ?" ಎಂದು. ನಮ್ಮದೇ ಎಂದು ನಾನು ಆಣೆ ಮಾಡಿ ಹೇಳಬೇಕಾಯಿತು.

ಅರ್ಜಿ, ಸಹಿ, ಮೇಲಿನ ಕಚೇರಿಗಳು ಎಂದು ಎಲ್ಲ ಮುಗಿದು ಆದೇಶ ಬರುವಷ್ಟರಲ್ಲಿ ಬೇಸಿಗೆ ರಜೆ ಬಂತು. ಅಷ್ಟರೊಳಗೆ ಇನ್ನೂ ಹಲವು ಜೋಡಿಗಳು ಕೂಡಿದ್ದವು. ಒಂದು ಬೆಳಗ್ಗೆ ಟೀಚರ್ ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದರು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಮೇಷ್ಟ್ರಿಗೆ ಹೇಳಿ ಕಳಿಸಿದೆ, ಅವರೂ ಬಂದರು.

"ಒಂದು ತೊಂದರೆ ಇದೆ ಮೇಡಂ," ಅಂದರು ಟೀಚರ್. "ನಿಮ್ಮ ಪುಟದಲ್ಲಿ ನನ್ನ ಹೆಸರು ಇನ್ನೂ ಇದೆ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ಕುಷ್ಟಗಿ ಬಿಡ್ತೀರಾ ಅಂತ ಕೇಳ್ತಾರೆ. ಹೆಸರು ತೆಗೆಯೋದು ಎಲ್ಲಿ ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ."

ಸಿಗುವುದು ಹೇಗೆ? ನಾನು ಅದನ್ನು ಮಾಡಿರಲೇ ಇಲ್ಲ. ಹೆಸರು ಸೇರಿಸುವ ದಾರಿಯ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದವಳಿಗೆ, ಕೆಲಸವಾದವರು ಹೊರಗೆ ಹೋಗಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಕೂಡಿದ ಜೋಡಿಗಳೆಲ್ಲ ಇನ್ನೂ ಪಟ್ಟಿಯಲ್ಲೇ ಕೂತಿದ್ದವು.

"ಅರ್ಧ ಗಂಟೆ ಕೂತಿರಿ," ಎಂದೆ.

ಅವರೆಲ್ಲ ಮೈಸೂರುಪಾಕು ತಿನ್ನುತ್ತ ನನ್ನ ಬೆನ್ನ ಹಿಂದೆ ಕೂತರು. ನಾನು ಒಂದು ಗುಂಡಿ ಮಾಡಿದೆ. ಅದರ ಮೇಲೆ "ನನಗೆ ಜಾಗ ಸಿಕ್ಕಿತು" ಎಂದು ಬರೆದೆ. ಒತ್ತಿದರೆ "ನಿಜವಾಗಿ ಸಿಕ್ಕಿತೆ?" ಎಂದು ಇನ್ನೊಂದು ಸಲ ಕೇಳುತ್ತಿತ್ತು. ನನ್ನ ಕುರ್ಚಿಯನ್ನು ಟೀಚರಿಗೆ ಬಿಟ್ಟುಕೊಟ್ಟೆ.

ಅವರು ಮೊದಲು ಸೆರಗಿನಿಂದ ಬೆರಳು ಒರೆಸಿಕೊಂಡರು. ಗುಂಡಿ ಒತ್ತಿದರು. ನಿಜವಾಗಿ ಸಿಕ್ಕಿತೆ ಎಂದು ಪುಟ ಕೇಳಿತು. "ಹೂಂ, ನಿಜವಾಗ್ಲೂ," ಎಂದು ಬಾಯಿಬಿಟ್ಟು ಉತ್ತರ ಹೇಳಿ ಮತ್ತೆ ಒತ್ತಿದರು. ಆಮೇಲೆ ಖಾತರಿ ಮಾಡಿಕೊಳ್ಳಲು ಯಾವ ಶಾಲೆ ಬಿಡಲು ಯಾರಿದ್ದಾರೆಂದು ತೋರಿಸುವ ಪುಟಕ್ಕೆ ತಾವೇ ಹೋದರು. ಜಿಲ್ಲೆ ಕೊಪ್ಪಳ. ತಾಲ್ಲೂಕು ಕುಷ್ಟಗಿ. ಶಾಲೆಗಳು ಬರುತ್ತಿವೆ ಎಂಬ ಸಾಲು ಒಂದು ಕ್ಷಣ ನಿಂತು ಹೋಯಿತು. ತಮ್ಮ ಶಾಲೆಯನ್ನು ಆರಿಸಿದರು. ಕೆಳಗೆ ಖಾಲಿ.

"ಬಾರೇ, ನೋಡು!" ಎಂದು ಮಗಳನ್ನು ಎಳೆದು ಪರದೆಯ ಮುಂದೆ ನಿಲ್ಲಿಸಿದರು. "ಅಲ್ಲಿ ನಾನಿಲ್ಲ ಕಣೇ! ಅಲ್ಲಿ ನಾನಿಲ್ಲ!"